ಒದ್ದೆ ಕಲ್ಲಿದ್ದಲು

ಕುಶಿರೋ, ಹೊಕ್ಕೈದೋ
ಭಾನುವಾರ, 8 ಡಿಸೆಂಬರ್ 2024

ಪ್ರೀತಿಯ ಉಮಾಶಂಕರ್,

‘ಪ್ರೀತಿಯ’ ಎಂದು ಬರೆದದ್ದು ರೂಢಿಗೆ. ಈ ವಾರ ನಿನ್ನ ಮೇಲೆ ನನಗಿರುವುದು ಬೇರೆಯದೇ ಭಾವನೆ. ಅದನ್ನು ಮೊದಲ ಸಾಲಿನಲ್ಲೇ ಬರೆದರೆ ನೀನು ಮುಂದೆ ಓದುವುದಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಈ ಮರದ ಮನೆಯಲ್ಲಿ ಒಂದು ಕೋಣೆಯಲ್ಲಿ ಕೆಮ್ಮಿದರೆ ಉಳಿದ ಕೋಣೆಗಳಿಗೆಲ್ಲ ಕೇಳಿಸುತ್ತದೆ. ವಾಟ್ಸಾಪ್ ಕಳಿಸೋಣವೆಂದರೆ ನಿಮ್ಮಮ್ಮ ಸೀರಿಯಲ್ ನೋಡುವುದು ನನ್ನ ಫೋನಿನಲ್ಲೇ. ಅವರಿಗೆ ತಿಳಿಯಬಾರದ ಸಂಗತಿ ಈ ಕಾಗದದಲ್ಲಿದೆ. ಓದಿದ ಮೇಲೆ ಹರಿದುಹಾಕು.

ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಆಮೇಲೆ ಕಥೆ. ನೀನು ಮುಂದಿನ ಶನಿವಾರಕ್ಕೆ ಕಳಿಸಿರುವ ವಿಮಾನದ ಟಿಕೆಟ್ ರದ್ದು ಮಾಡು. ಅತ್ತೆಯನ್ನು ನಾನು ನೀನಿರುವ ವಾಕೋಗೆ ಕಳಿಸುವುದಿಲ್ಲ. ಮನೆ ಇನ್ನೊಂದು ಸಲ ತಣ್ಣಗಾದರೆ ಅಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದು ನೀನು ಹೇಳಿದ್ದೆ. ನಿನ್ನೆ ಬೆಳಿಗ್ಗೆ ಮನೆ ತಣ್ಣಗಾಗಿತ್ತು, ನಿಜ. ವಿಡಿಯೋ ಕಾಲ್‌ನಲ್ಲಿ ನಿಮ್ಮಮ್ಮ ಎರಡು ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂತದ್ದನ್ನು ನೀನು ಕಂಡೆ. ಮಧ್ಯಾಹ್ನದೊಳಗೆ ಟಿಕೆಟ್ ಬಂತು. ಬಾಯ್ಲರಿಗೆ ಏನಾಗಿದೆ ಎಂದು ಕೇಳುವ ವ್ಯವಧಾನವೂ ನಿನಗಿರಲಿಲ್ಲ. ಈಗ ಕೇಳಿಸಿಕೋ.

ಈ ಬಾಯ್ಲರ್ ನಿನ್ನ ಕೂಸು. ನಮ್ಮಿಬ್ಬರಿಗೂ ಇದೇ ಊರಿನಲ್ಲಿ ಕೆಲಸವಿದ್ದಾಗ ಖಾಲಿ ಬಿದ್ದಿದ್ದ ಈ ಮನೆಯನ್ನು ನೋಡಲು ಬಂದಿದ್ದೆವು. ನಾನು ಅಡುಗೆಮನೆಯ ಕಿಟಕಿ ನೋಡುತ್ತಿದ್ದರೆ ನೀನು ಹಿತ್ತಲ ಷೆಡ್ಡಿನಲ್ಲಿ ಆ ಕಬ್ಬಿಣದ ಆನೆಮರಿಯ ಮುಂದೆ ಮಂಡಿಯೂರಿದ್ದೆ. ತೊಟ್ಟಿಗೆ ಕಲ್ಲಿದ್ದಲು ಸುರಿದರೆ ಆಯಿತು, ಕೆಳಗಿನ ಸ್ಕ್ರೂ ತಾನೇ ತಿರುಗಿ ಬೆಂಕಿಗೆ ಉಣಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ, ಬಿಸಿನೀರು ಕೊಳವೆಗಳಲ್ಲಿ ಹರಿದು ಮನೆಯೆಲ್ಲ ಬೆಚ್ಚಗಾಗುತ್ತದೆ ಎಂದು ಪಾಠ ಮಾಡಿದೆ. ಚಿಕ್ಕ ಮಗು ಕೂಡ ನೋಡಿಕೊಳ್ಳಬಹುದು ಎಂದೆ. ಏಪ್ರಿಲ್‌ನಲ್ಲಿ ರಾಜಧಾನಿಯ ಪಕ್ಕದ ವಾಕೋದಿಂದ ನಿನಗೆ ಕೆಲಸದ ಕರೆ ಬಂತು, ನೀನು ಹೊರಟೆ. ಬಾಯ್ಲರ್, ನಿಮ್ಮಮ್ಮ, ನಾನು ಇಲ್ಲೇ ಉಳಿದೆವು. ಹಗಲೆಲ್ಲ ಸಂಶೋಧನೆಗೆಂದು ಜೌಗು ನೆಲದಲ್ಲಿ ನಿಂತು, ಕಲ್ಲಿದ್ದಲಾಗಲು ಇನ್ನೂ ಕೋಟಿ ವರ್ಷ ಬೇಕಾದ ಮಣ್ಣನ್ನು ಅಗೆದು ಅಳೆಯುವುದು. ಮನೆಗೆ ಬಂದು, ಆಗಿಹೋದ ಕಲ್ಲಿದ್ದಲಿನ ಚಾಕರಿ ಮಾಡುವುದು. ಇದು ನನ್ನ ಚಳಿಗಾಲ.

ಅಕ್ಟೋಬರಿನಲ್ಲಿ ಹೊತ್ತಿಸಿದಾಗ ಎಲ್ಲ ಸರಿಯಾಗಿತ್ತು. ಆಮೇಲೆ ಶುರುವಾಯಿತು. ಕಲ್ಲಿದ್ದಲು ಮಾತ್ರ ಬಕಾಸುರನ ಹಾಗೆ ತಿನ್ನುತ್ತದೆ, ಮನೆ ಬಿಸಿಯಾಗುವುದಿಲ್ಲ. ಚಿಮಣಿಯ ಕೊಳವೆ ಮುಟ್ಟಿದರೆ ಕೈ ಸುಡುತ್ತದೆ, ಕೋಣೆಯ ಕೊಳವೆ ಉಗುರುಬೆಚ್ಚಗೆ. ಒಲೆಯ ಬಾಯಿ ತೆಗೆದರೆ ಬೂದಿಯ ಬದಲು ಕಿಟ್ಟ. ಕಲ್ಲಿನಂತೆ ಗಟ್ಟಿಯಾಗಿ, ಕರಗಿ ಹೆಪ್ಪುಗಟ್ಟಿದ ದೊಡ್ಡ ದೊಡ್ಡ ಹೆಂಟೆ. ಅದು ಅಡ್ಡ ಕೂತರೆ ಸ್ಕ್ರೂ ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಸಿಕ್ಕಿಕೊಂಡರೆ ಮೋಟರ್ ಸುಡದಿರಲೆಂದು ಒಂದು ಸಣ್ಣ ಪಿನ್ ತಾನಾಗಿ ಮುರಿಯುತ್ತದೆ. ಇಡೀ ಯಂತ್ರದಲ್ಲಿ ಮುರಿಯಲೆಂದೇ ಇಟ್ಟಿರುವ ಭಾಗ ಅದೊಂದೇ ಎಂದು ನೀನು ಹೇಳಿಕೊಟ್ಟಿದ್ದೆ. ಮನೆಯಲ್ಲಿ ಅಂಥದ್ದು ಇನ್ನೊಂದಿದೆ, ಅದು ನಾನು. ಬೆಂಕಿ ಆರಿದ ಮೇಲೆ ಕಿಟ್ಟವನ್ನು ಸಲಾಕೆಯಲ್ಲಿ ಒಡೆದು, ತೊಟ್ಟಿಯಿಂದ ಕಲ್ಲಿದ್ದಲನ್ನೆಲ್ಲ ಮೊಗೆದು, ಪಿನ್ ಬದಲಿಸಿ, ಮತ್ತೆ ಸೌದೆ ಚೂರು ಇಟ್ಟು ಊದಿ ಹೊತ್ತಿಸುವಷ್ಟರಲ್ಲಿ ನನ್ನ ಮುಖ ಅಮಾವಾಸ್ಯೆ.

ಇದೆಲ್ಲ ಬಹುಮಟ್ಟಿಗೆ ಆಗುತ್ತಿದ್ದದ್ದು ಶನಿವಾರ. ಶನಿಕಾಟ ಎಂದು ನಿಮ್ಮಮ್ಮ ಒಂದೇ ಮಾತಿನಲ್ಲಿ ಹೇಳಿದರು. ನಾನು ನಕ್ಕೆ. ನಿನ್ನನ್ನು ಕೇಳಿದರೆ ನೀನು ವಿಡಿಯೋದಲ್ಲಿ ಕಾಫಿ ಹೀರುತ್ತ, ಗಾಳಿ ಕಡಿಮೆ ಮಾಡು ಎಂದೆ. ಮಾಡಿದೆ. ಕಲ್ಲಿದ್ದಲು ಜಾಸ್ತಿ ಬಿಡು ಎಂದೆ. ಬಿಟ್ಟೆ, ಎರಡು ಪಟ್ಟು ಕಿಟ್ಟ ಬಂತು. ಚಿಮಣಿ ಕಟ್ಟಿರಬೇಕು ಎಂದೆ. ಏಣಿ ಹಾಕಿ ಹತ್ತಿ ಮಸಿ ಗುಡಿಸಿದೆ, ಕಟ್ಟಿರಲಿಲ್ಲ. ಕೊನೆಗೆ, ನಾನೇ ಗಮನಕೊಟ್ಟು ನೋಡಿಕೊಳ್ಳುತ್ತಿಲ್ಲ ಎಂದೆ ನೀನು. ಅವತ್ತು ನಾನು ಫೋನ್ ಇಟ್ಟದ್ದು ನೆಟ್‌ವರ್ಕ್ ಕೆಟ್ಟು ಅಲ್ಲ.

ಬಾಯ್ಲರ್ ರಿಪೇರಿಯ ಕುದೋ-ಸಾನ್ ಅವರನ್ನು ಕರೆಸಿದೆ. ವಯಸ್ಸಾದ, ಬಹಳ ಮರ್ಯಾದಸ್ಥ ಮನುಷ್ಯ. ಷೆಡ್ಡಿಗೆ ಬಂದವರು ಚಿಮಣಿಯ ಕೊಳವೆಯ ಕಡೆ ತಿರುಗಿ ಮೊದಲು ತಲೆಬಾಗಿದರು. ಯಂತ್ರಕ್ಕೂ ನಮಸ್ಕರಿಸುವ ಜನ ಎಂದು ನನಗೆ ಖುಷಿಯಾಯಿತು. ಮೋಟರ್, ಫ್ಯಾನ್, ಸ್ಕ್ರೂ ಎಲ್ಲ ಬಿಚ್ಚಿ ಸ್ವಚ್ಛ ಮಾಡಿದರು. ಹೋಗುವಾಗ ಕೊಳವೆಯ ಕಡೆ ನೋಡಿ, ಅಲ್ಲಿ ಸ್ವಲ್ಪ... ಎಂದು ರಾಗ ಎಳೆದು ನಿಲ್ಲಿಸಿದರು. ಎರಡನೆಯ ಸಲವೂ ಹಾಗೇ. ತಲೆಬಾಗುವುದು, ಎಲ್ಲ ತೊಳೆಯುವುದು, ಅಲ್ಲಿ ಸ್ವಲ್ಪ ಎನ್ನುವುದು, ಸುಮಿಮಾಸೆನ್, ಕ್ಷಮಿಸಿ, ಎಂದು ಹೊರಡುವುದು. ಈ ದೇಶದಲ್ಲಿ ‘ಸ್ವಲ್ಪ’ ಎಂದರೆ ಬಹಳ ಎಂದು ಇಷ್ಟು ವರ್ಷದಲ್ಲಿ ನಾನು ಕಲಿತಿರಬೇಕಿತ್ತು.

ನಿನ್ನೆ ಅವರು ಮೂರನೆಯ ಸಲ ಬಂದಾಗ ನನ್ನ ತಾಳ್ಮೆ ಮುಗಿದಿತ್ತು. ಅಲ್ಲಿ ಸ್ವಲ್ಪ ಏನು, ಬಾಯಿ ಬಿಟ್ಟು ಹೇಳಿ ಎಂದು, ಜಪಾನಿನಲ್ಲಿ ಯಾರೂ ಯಾರಿಗೂ ಹೇಳದ ಹಾಗೆ ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಇಂದು-ಸಾನ್, ಆ ದೇವರನ್ನು ನಾನು ಮುಟ್ಟಬಹುದೇ?”

ನಿನಗೆ ಅರ್ಥವಾಯಿತೋ ಇಲ್ಲವೋ. ಚಿಮಣಿಯ ಕೊಳವೆಗೆ ಒಂದು ದುಂಡು ತಟ್ಟೆಯಿದೆಯಲ್ಲ, ಗಾಳಿ ಜೋರಾಗಿ ಎಳೆದಾಗ ತಾನಾಗಿ ತೆರೆದುಕೊಂಡು, ಷೆಡ್ಡಿನ ಗಾಳಿಯನ್ನು ಚಿಮಣಿಗೆ ಬಿಟ್ಟು ಬೆಂಕಿಯನ್ನು ಕಾಪಾಡುವ ತೂಗುತಟ್ಟೆ. ಎರಡು ಪಕ್ಕದಲ್ಲಿ ಎರಡು ಸಣ್ಣ ಕೀಲುಗಳ ಮೇಲೆ ಉಯ್ಯಾಲೆಯಾಡುತ್ತದೆ. ಆಯುಧಪೂಜೆಯ ದಿನ ನಿಮ್ಮಮ್ಮನಿಗೆ ಆ ತಟ್ಟೆ ಗೌರಿಯ ಮುಖದಂತೆ ಕಂಡಿತು. ಹಣೆಗೆ ಕುಂಕುಮ, ಎರಡು ಕೆನ್ನೆಗೆ ಅರಿಸಿನ. ತಗಡಿನ ಮೇಲೆ ಪುಡಿ ನಿಲ್ಲಲಿಲ್ಲವೆಂದು ತುಪ್ಪದಲ್ಲಿ ಕಲಸಿ ಹಚ್ಚಿದರು. ಕೆನ್ನೆ ಎಂದರೆ ಕೀಲು. ತುಪ್ಪ, ಅರಿಸಿನ ಆ ಶಾಖಕ್ಕೆ ಬೆಂದು ಅರಗಿನ ಹಾಗೆ ಹಿಡಿದುಕೊಂಡವು. ಯಂತ್ರ ಕೆಟ್ಟಿತೆಂದು ಅವರು ಪ್ರತಿ ಶುಕ್ರವಾರ ಇನ್ನಷ್ಟು ಭಕ್ತಿಯಿಂದ ಹಚ್ಚಿದರು. ಶನಿವಾರ ಅದು ಇನ್ನಷ್ಟು ಬಿಗಿಯಾಯಿತು. ತಟ್ಟೆ ತೆರೆಯದಿದ್ದರೆ ಕಡಲ ಕಡೆಯ ಗಾಳಿಗೆ ಚಿಮಣಿ ಬೆಂಕಿಯನ್ನು ಬುಡಸಮೇತ ಎಳೆಯುತ್ತದೆ, ಕಲ್ಲಿದ್ದಲು ಕರಗಿ ಕಿಟ್ಟವಾಗುತ್ತದೆ, ಬಿಸಿಯೆಲ್ಲ ಆಕಾಶಕ್ಕೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮಲ್ಲಿ ತೂತು ಮುಚ್ಚಿ ಒಲೆ ಕೆಟ್ಟಿತು, ಕುದೋ-ಸಾನ್ ಬಾಯಿ ಮುಚ್ಚಿಕೊಂಡು ಅದು ಕೆಟ್ಟೇ ಉಳಿಯಿತು.

ಅತ್ತೆಯನ್ನು ಅನ್ನಬೇಡ. ನಾನೂ ದಿನಾ ಷೆಡ್ಡಿಗೆ ಹೋದಾಗ ಆ ತಟ್ಟೆಗೆ ಕೈಮುಗಿದವಳೇ. ನೀನಂತೂ ವಿಡಿಯೋದಲ್ಲಿ ಅದನ್ನು ಹತ್ತಿರದಿಂದ ತೋರಿಸು ಎಂದು, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, ಜಪಾನಿನಲ್ಲೂ ಅಮ್ಮನ ಸಂಪ್ರದಾಯ ಎಂದು ಬರೆದೆ. ನಿಮ್ಮ ಚಿಕ್ಕಪ್ಪಂದಿರೆಲ್ಲ ಕೈಮುಗಿದರು. ಎರಡು ಡಾಕ್ಟರೇಟ್ ಇರುವ ಮನೆಯಲ್ಲಿ ಒಬ್ಬರಿಗೂ ಅದು ಅಲುಗಾಡುತ್ತಿಲ್ಲ ಎಂದು ಕಾಣಲಿಲ್ಲ.

ನಾನು ಮುಟ್ಟಬಹುದು ಎಂದ ಮೇಲೆ ಕುದೋ-ಸಾನ್ ಬಿಳಿಯ ಕಾಗದ ಹಾಸಿ, ಕೆರೆದ ಅರಿಸಿನದ ಚೂರುಗಳನ್ನೆಲ್ಲ ಅದರ ಮೇಲೆ ಬೀಳಿಸಿಕೊಂಡು, ಮಡಿಸಿ, ಎರಡು ಕೈಯಲ್ಲಿ ನನಗೆ ಕೊಟ್ಟರು. ತಟ್ಟೆ ಮೊದಲ ಸಲ ತೂಗಿದಾಗ ಸಣ್ಣ ಟಿಂಗ್ ಶಬ್ದವಾಯಿತು. ಸಂಜೆಯೊಳಗೆ ಮನೆ ಹೇಗಾಯಿತೆಂದರೆ ನಾನು ಸ್ವೆಟರ್ ತೆಗೆದು ಅಡುಗೆ ಮಾಡಿದೆ. ಖುಷಿಪಡಬೇಕಿತ್ತು.

ಅತ್ತೆ ಷೆಡ್ಡಿಗೆ ಹೋಗಿ ಬಂದು, ಏನಾಗಿತ್ತಂತೆ ಎಂದು ಕೇಳಿದರು. ಕಲ್ಲಿದ್ದಲು ಒದ್ದೆಯಾಗಿತ್ತಂತೆ ಎಂದೆ. ಹೌದಾ ಎಂದು ಒಳಗೆ ಹೋದರು. ಸಾರಿಗೆ ಒಗ್ಗರಣೆ ಹಾಕಿ ಊಟಕ್ಕೆ ಕರೆಯಲು ಹೋದರೆ ಸೂಟ್‌ಕೇಸ್ ತೆರೆದಿದೆ, ಸೀರೆಗಳನ್ನು ಮಡಿಸಿ ಇಡುತ್ತಿದ್ದಾರೆ. ಬೆಚ್ಚಗಾಯಿತಲ್ಲ ಅತ್ತೆ, ಇನ್ನೇಕೆ ಎಂದರೆ, ಶಂಕರ ಟಿಕೆಟ್ ಕಳಿಸಿದ್ದಾನಲ್ಲ, ಹೋಗಿ ಬರ್ತೀನಿ ಬಿಡು ಎಂದರು, ಮುಖ ನೋಡದೆ. ವಾಕೋದಲ್ಲಿ ಗುಂಡಿ ಒತ್ತಿದರೆ ನೆಲವೇ ಬಿಸಿಯಾಗುತ್ತದೆ ಎಂದು ನೀನು ಆಸೆ ಹಚ್ಚಿದ್ದೀಯಲ್ಲ, ಅದಕ್ಕಿರಬೇಕು. ಅಥವಾ ಮಗನ ಮಾತು ಮೀರಬಾರದು ಎಂದು.

ಈಗ ನಿಜ ಕೇಳು. ನೀನು ಹೋದ ಮೇಲೆ ಫೋನ್ ಮಾಡಿದಾಗೆಲ್ಲ ಅಮ್ಮ ಹೇಗಿದ್ದಾಳೆ, ಬಾಯ್ಲರ್ ಹೇಗಿದೆ ಎಂದು ಕೇಳಿದ್ದೀಯ. ಮೂರನೆಯವಳು ಹೇಗಿದ್ದಾಳೆ ಎಂದು ಒಂದು ದಿನವೂ ಕೇಳಲಿಲ್ಲ. ಅದು ಕೇಳಿದ್ದು ನಿಮ್ಮಮ್ಮ ಮಾತ್ರ. ನಾನು ಕೆಸರು ಮೆತ್ತಿದ ಬೂಟು ಬಿಚ್ಚುವಷ್ಟರಲ್ಲಿ ಒಳಗಿನಿಂದ ಬಂದ್ಯಾ ಎನ್ನುತ್ತಾರೆ. ಈ ಊರಿನಲ್ಲಿ ಸಂಜೆ ನನಗೆ ಕನ್ನಡದಲ್ಲಿ ಕೇಳುವ ಮೊದಲ ಮಾತು ಅದು, ಅನೇಕ ದಿನ ಅದೊಂದೇ. ಕಿಟ್ಟ ಒಡೆದು ಬಂದ ನನ್ನ ಕೈಗೆ ಕೊಬ್ಬರಿಎಣ್ಣೆ ತಿಕ್ಕುತ್ತ ನಿನ್ನನ್ನೇ ಬೈಯುತ್ತಾರೆ, ನಿನಗೆ ಗೊತ್ತೇ? ಚಾಮುಂಡೇಶ್ವರಮ್ಮ ಎಂಬ ಹೆಸರಿಗೆ ತಕ್ಕ ಬೈಗುಳ. ಅವರೊಡನೆ ನಾನು ಜಗಳ ಆಡಿಲ್ಲವೆಂದಲ್ಲ. ಪಾತ್ರೆ ತೊಳೆಯುವ ನೀರು ಸಣ್ಣಗೆ ಬಿಡು ಎಂದು ದಿನಾ ಹೇಳಿಸಿಕೊಳ್ಳುತ್ತೇನೆ. ಆದರೂ ಅವರು ಹೋದ ಮನೆಯಲ್ಲಿ ನಾನಿರಲಾರೆ. ನನಗೆ ಅವರು ಬೇಕು. ನಿನಗಿಂತ ಹೆಚ್ಚು ಬೇಕೋ ಎಂದು ಕೇಳಿದರೆ ಈ ವಾರ ಉತ್ತರ ಹೌದು.

ನೀನು ಮಾಡಬೇಕಾದದ್ದು ಇಷ್ಟು. ನಾಳೆ ಅಂಚೆಗೆ ಹಾಕಿದರೆ ಬುಧವಾರದ ಹೊತ್ತಿಗೆ ಇದು ನಿನಗೆ ಸಿಗುತ್ತದೆ. ಸಿಕ್ಕ ಕೂಡಲೇ ಅಮ್ಮನಿಗೆ ಫೋನ್ ಮಾಡಿ, ಕಲ್ಲಿದ್ದಲು ಒದ್ದೆಯಾಗಿತ್ತಂತೆ, ಈಗ ಸರಿಯಾಯಿತಂತೆ, ನೀನು ಅಲ್ಲೇ ಇರಮ್ಮ ಎನ್ನು. ನಿನಗೆ ನಟನೆ ಬರುವುದಿಲ್ಲ, ಗೊತ್ತು. ಗಂಟಲು ಕೆಟ್ಟಿದೆ ಎಂದು ಹೇಳಿ ಬೇಗ ಫೋನ್ ಇಡು. ಅರಿಸಿನದ ಸುದ್ದಿ ಅಪ್ಪಿತಪ್ಪಿಯೂ ಎತ್ತಬೇಡ. ತನ್ನ ಪೂಜೆಯಿಂದಲೇ ಮನೆ ತಣ್ಣಗಾಯಿತು ಎಂದು ಗೊತ್ತಾದರೆ ಅವರು ಈ ಜನ್ಮದಲ್ಲಿ ಈ ಮನೆಗೆ ಕಾಲಿಡುವುದಿಲ್ಲ.

ರಜೆ ಸಿಕ್ಕರೆ ನೀನು ಬಾ. ಕಿಟ್ಟ ಒಡೆಯುವ ಸಲಾಕೆ ಬಾಗಿಲ ಹಿಂದೆ ಇದೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿಯದ,
ಇಂದು

ಮ.ಸೂ.: ಸೋಮವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದೆ. ಅತ್ತೆ ಬಂದು ಹಿಂದೆ ನಿಂತರು. ಶಂಕರನಿಗಾ ಕಾಗದ ಎಂದು ಕೇಳಿದರು. ಹೌದು ಎಂದೆ. ಸೆರಗಿನ ಅಂಚು ತಿರುವುತ್ತ ಹೇಳಿದರು: “ಅವನಿಗೂ ಕಲ್ಲಿದ್ದಲು ಒದ್ದೆಯಾಗಿತ್ತು ಅಂತಾನೇ ಬರಿ, ಇಂದು. ನಿಜ ಗೊತ್ತಾದ್ರೆ ನನ್ನ ಇಲ್ಲಿ ಬಿಡೋದಿಲ್ಲ ಅವನು.” ಆಮೇಲೆ, ಸೂಟ್‌ಕೇಸ್ ಭಾರವಾಗಿದೆ, ಮೇಲೆ ಎತ್ತಿಟ್ಟು ಹೋಗು ಎಂದರು. ಎತ್ತಿಟ್ಟೆ. ಹಾಗೇ ಬರೆದಿದ್ದೇನೆ ಅತ್ತೆ ಎಂದು ಮಾತೂ ಕೊಟ್ಟಿದ್ದೇನೆ. ಆದ್ದರಿಂದ ಈ ಕಾಗದದಲ್ಲಿ ನೀನು ಓದಿದ್ದು ಒದ್ದೆ ಕಲ್ಲಿದ್ದಲಿನ ವಿಷಯ ಮಾತ್ರ.