ಸುಯಶ ಹಚ್ಚಿದ ಫಾಗ್ ಲೈಟು

ಸುಯಶ,

ಈ ಚೀಟಿ ಹಾರಬಾರದಂತ ಮ್ಯಾಲಿಟ್ಟದ್ದು ನೀ ಕಾರಿಗೆ ಹಚ್ಚಿದ ಫಾಗ್ ಲೈಟಿನ ರಿಲೇ. ಮುಂಜಾನಿ ನಾನ ಕಿತ್ತೇನಿ, ಇದಿಲ್ಲದ ಲೈಟ್ ಹತ್ತೂದಿಲ್ಲ.

"ಕೀಲಿ ತಗದ್ರ ಲೈಟ್ ತಾವ ಆರತಾವ ವೈನಿ, ಸ್ವಿಚ್ ಮುಟ್ಟೂದ ಬ್ಯಾಡ" ಅಂದಾಂವ ನೀನ. ಆ ಮಾತು ನಂಬಿ ಮೊನ್ನೆ ಬೀಡಿ ಊರಾಗ ಬಿಸಿಲಾಗ ಕಾರ್ ನಿಲ್ಲಿಸಿದೆ. ಬ್ಯಾಟರಿ ಸತ್ತ ಹೋತು. ಟಿಳಕವಾಡಿ ಮನಿ ಮುಟ್ಟೂದರಾಗ ಹೊತ್ತು ಮುಳುಗಿತ್ತು, ನನ್ನ ಜೋಡಿ ಕಾರಾಗಿದ್ದ ಅತ್ತಿಯವರು ಉಣಲಾರದ ಹಂಗ ಮಲಗಿದ್ರು. ಆವಾಗ ಎಲ್ಲಾರ ಮುಂದ ನೀ ಏನಂದಿ? "ವೈನಿ ಸ್ವಿಚ್ ಮರತಾರ, ಇನ್ನ ಅವರಿಗೆ ಕಾರ್ ಕೊಡಬ್ಯಾಡ್ರಿ."

ಇವತ್ತ ಕೀಲಿ ತಗದು ಕೈಯಾಗ ಹಿಡಕೊಂಡು ನೋಡಿದೆ. ಲೈಟ್ ಉರಕೋತನ ಇದ್ವು! ಸ್ವಿಚ್ಚಿನ ವಾಯರ್ ನೀ ಸೀದಾ ಬ್ಯಾಟರಿಗೆ ಹಚ್ಚೀದಿ. ಕೀಲಿ ತಿರುವಿದಾಗಷ್ಟ ಕರೆಂಟ್ ಬರೂ ಫ್ಯೂಸಿಗೆ ಹಚ್ಚಬೇಕಿತ್ತು, ಶಾಣ್ಯಾ. ಅತ್ತಿಯವರನ್ನ ಕರದು ತೋರಿಸಿದೆ. ಅವರು ಲೈಟ್ ನೋಡಿದ್ರು, ನನ್ನ ಕೈಯಾಗಿನ ಕೀಲಿ ನೋಡಿದ್ರು. ಒಳಗ ಹೋಗಿ ಬಂದು ಕಾರಾಗ ಕುಂತ್ರು.

ನಾವಿಬ್ರೂ ಖಾನಾಪುರಕ್ಕ ಹೊಂಟೀವಿ. ಕಾರ್ ನಾನ ಹೊಡೀತೇನಿ. ಸಂಜಿಗೆ ದೋಸ್ತರನ್ನ ಕರಕೊಂಡ ಬಂದು ಲೈಟ್ ತೋರಸ್ತೇನಿ ಅಂದಿದ್ದಿಯಲ್ಲ, ಈ ರಿಲೇ ತೋರಸು.

ನಳದಾಗ ನೀರು ಬಂದ್ರ ಟಾಕಿ ತುಂಬಸು. ಅಂಗಳದಾಗ ಒಣ ಹಾಕಿದ ಅರಬಿ ಒಳಗ ತಗಿ.

ನಾವು ಅಲ್ಲೇ ಹೊತ್ತಿರೂದರಾಗ ಉಂಡು ಕತ್ತಲಾದ ಮ್ಯಾಲ ಬರ್ತೀವಿ. ಕತ್ತಲಾದ ಮ್ಯಾಲ ನಮ್ಮ ಮನ್ಯಾಗ ಯಾರೂ ಉಣ್ಣೂದಿಲ್ಲ ಅನ್ನೂದು ನಿನಗ ಹೇಳಬೇಕಾಗಿಲ್ಲ.

ಅಡಿಗಿಮನಿ ಬಾಗಲಕ್ಕ ಕುಲುಪ ಬಿದ್ದೈತಿ, ಅದರ ಕೀಲಿ ನಮ್ಮ ಜೋಡಿ ಐತಿ. ಅದಕ್ಕ ನನ್ನ ಮ್ಯಾಲ ಸಿಟ್ಟಾಗಬ್ಯಾಡ. ಹಾಕಿದಾಕಿ ನಿಮ್ಮವ್ವ.

— ತ್ರಿಶಲಾ ವೈನಿ