‘ಅದೇ, ಪುಟ ೧೧೨’

ಸಂಶೋಧನ ತ್ರೈಮಾಸಿಕದ ಪ್ರಕಟಣಾ ಸಮಿತಿಯ ಅಧ್ಯಕ್ಷರಿಗೆ, ಊರವರೆಲ್ಲರ ಎದುರಿನಲ್ಲಿ

ಮಾನ್ಯರೇ,

ನಿಮ್ಮ ಕಚೇರಿ ನನ್ನ ಲೇಖನದ ಒಂದು ಅಡಿಟಿಪ್ಪಣಿಯನ್ನು ಹೊಡೆದುಹಾಕಿತು. ಅದರ ಫಲವಾಗಿ ಈ ಮೈಸೂರಿನ ಒಬ್ಬ ಹೆಣ್ಣುಮಗಳು ತಾನು ಬರೆಯದ ಮಾತಿಗೆ ತಪ್ಪೊಪ್ಪಿಗೆ ಬರೆದುಕೊಡಬೇಕಾದ ಗತಿ ಬಂದಿದೆ. ಇದನ್ನು ನಿಮಗೆ ಖಾಸಗಿಯಾಗಿ ತಿಳಿಸಿದೆ, ಜ್ಞಾಪನಪತ್ರ ಕಳಿಸಿದೆ, ಖುದ್ದಾಗಿ ಬಂದು ನಿಂತೆ. ತಮ್ಮಿಂದ ಒಂದಕ್ಷರದ ಉತ್ತರವಿಲ್ಲ. ಆದ್ದರಿಂದ ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಸಂಶೋಧನೆಯ ಸಹವಾಸವಿಲ್ಲದ ಪುಣ್ಯವಂತ ಓದುಗರಿಗಾಗಿ ಸ್ವಲ್ಪ ವಿವರಣೆ. ಯಾವ ಮಾತನ್ನು ಯಾರ ಪುಸ್ತಕದಿಂದ ತೆಗೆದುಕೊಂಡೆವೆಂದು ಪುಟದ ಅಡಿಯಲ್ಲಿ ನಮೂದಿಸುವುದು ನಮ್ಮ ಪದ್ಧತಿ. ಬೆನ್ನಿಗೇ ಮತ್ತೆ ಆ ಪುಸ್ತಕವೇ ಬಂದರೆ ಹೆಸರು ಬರೆಯದೆ ‘ಅದೇ’ ಎಂದು ಬರೆದು ಪುಟದ ಸಂಖ್ಯೆ ಕೊಡುತ್ತೇವೆ. ‘ಅದೇ’ ಎಂದರೆ ಇದರ ಮೇಲಿನದು. ನನ್ನ ಲೇಖನ ಶ್ರೀರಾಂಪುರದ ಆಚೆಗಿರುವ ಒಂದು ಹಳೆಯ ಕೆರೆಯನ್ನು ಕುರಿತದ್ದು. ಅದರ ಹತ್ತನೆಯ ಟಿಪ್ಪಣಿ ಶ್ರೀಮತಿ ವೇದವತಿಯವರು ಸಂಗ್ರಹಿಸಿದ ಮದುವೆಯ ಹಸೆಹಾಡುಗಳ ಪುಸ್ತಕಕ್ಕೆ ಸಂಬಂಧಿಸಿದ್ದು. ಕೆರೆಯ ಹೆಸರು ಅಲ್ಲಿಯ ಒಂದು ಹಾಡಿನಲ್ಲಿ ಬರುತ್ತದೆ, ಅಷ್ಟೇ. ಹನ್ನೊಂದನೆಯದು ದಿವಂಗತ ದೊರೆಸ್ವಾಮಿಗಳ ಶಾಸನಗಳ ಪುಸ್ತಕ. ಹನ್ನೆರಡನೆಯದು ‘ಅದೇ, ಪುಟ ೧೧೨’. ಕೆರೆಯ ಕೆಳಗಿನ ಗದ್ದೆಗಳೆಲ್ಲ ತನ್ನವೆಂದು ಒಂದು ಧರ್ಮಸಂಸ್ಥೆ ತೋರಿಸುತ್ತಿರುವ ತಾಮ್ರಶಾಸನ ಖೋಟಾ ಎಂದು ದೊರೆಸ್ವಾಮಿಗಳು ಕಾರಣಸಹಿತ ಬರೆದಿರುವುದು ಆ ಪುಟದಲ್ಲಿ. ಆ ಗದ್ದೆಗಳ ವಿಚಾರದಲ್ಲಿ ಸಂಸ್ಥೆಗೂ ಉಳುವವರಿಗೂ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿದೆ.

ನೀವು ಹನ್ನೊಂದನ್ನು ತೆಗೆದಿರಿ. ಹನ್ನೆರಡು ಮೇಲೇರಿ ಹನ್ನೊಂದಾಯಿತು, ವೇದವತಿಯವರ ಹೆಸರಿನ ಕೆಳಗೆ ಬಂದು ಕುಳಿತಿತು. ಈಗ ನಿಮ್ಮ ಸಂಚಿಕೆಯ ಪ್ರಕಾರ ಶಾಸನ ಖೋಟಾ ಎಂದವರು ವೇದವತಿಯವರು! ಅಚ್ಚಾಗುವ ಮೊದಲು ಕರಡನ್ನು ನನಗೆ ತೋರಿಸಿದ್ದರೆ ಅರೆಗಳಿಗೆಯಲ್ಲಿ ಸರಿಪಡಿಸುತ್ತಿದ್ದೆ. ಆದರೆ ಲೇಖಕನಿಗೆ ಕರಡು ತೋರಿಸುವುದು ಅಷ್ಟು ದೊಡ್ಡ ಕಚೇರಿಗೆ ಭೂಷಣವೇ?

ಟಿಪ್ಪಣಿ ತೆಗೆದದ್ದೇಕೆಂದು ಕೇಳಿದಾಗ ನಿಮ್ಮ ಗುಮಾಸ್ತ ಸುಂದರೇಶ ಒಂದು ನಿಯಮ ತೋರಿಸಿದರು. ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚುಮಾಡಿಸಿದ ಪುಸ್ತಕಗಳನ್ನು ಆಧಾರವಾಗಿ ಕೊಡಕೂಡದಂತೆ. ಒಳ್ಳೆಯದು. ಹಾಗಾದರೆ ವೇದವತಿಯವರ ಪುಸ್ತಕವನ್ನು ಅಚ್ಚುಮಾಡಿಸಿದವರು ಯಾರು? ಮಹಾರಾಜರೇ? ಆಕೆಯೂ ಎರಡು ಬಳೆ ಮಾರಿ ತಾವೇ ಮಾಡಿಸಿದ್ದು. ನಿಯಮ ದೊರೆಸ್ವಾಮಿಗಳನ್ನು ಆಚೆಗೆ ತಳ್ಳಿ ಈಕೆಯನ್ನು ಮಾತ್ರ ಒಳಗೇ ಇರಿಸಿಕೊಂಡದ್ದು ಯಾವ ನ್ಯಾಯ? ನಿಮ್ಮ ಸಮಿತಿಯಲ್ಲಿ ಯಾರು ಯಾರಿದ್ದಾರೆ, ಅವರಲ್ಲಿ ಆ ಸಂಸ್ಥೆಯ ವಕಾಲತ್ತು ವಹಿಸಿದವರು ಎಷ್ಟು ಜನ ಎಂದು ನಾನು ಕೇಳುವುದಿಲ್ಲ. ಓದುಗರು ಕೇಳಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ವೇದವತಿಯವರು ವಿಧವೆ. ಆ ಸಂಸ್ಥೆಯೇ ನಡೆಸುವ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಅವರಿರುವುದು ಚಾಮರಾಜಪುರಂನಲ್ಲಿ ನಮ್ಮ ಬೀದಿಯಲ್ಲೇ, ಆ ಸಂಸ್ಥೆಗೇ ಸೇರಿದ ವಠಾರದಲ್ಲಿ. ಸಂಚಿಕೆ ಬಂದ ವಾರವೇ ಸಂಸ್ಥೆಯ ಆಡಳಿತ ನೋಡುವ ಪಾರುಪತ್ತೇಗಾರರು ಅವರ ಮನೆಗೆ ಬಂದರು. ಬೈಯಲಿಲ್ಲ, ಕೂಗಾಡಲಿಲ್ಲ. ಜಗಲಿಯ ಮೇಲೆ ಕುಳಿತು ನೀರು ಕೇಳಿ ಕುಡಿದು, ಪುಸ್ತಕ ತುಂಬ ಚೆನ್ನಾಗಿದೆಯಂತೆ, ಒಂದು ಪ್ರತಿ ಕೊಡಿ ಎಂದರು. ಆಕೆ ಸಂತೋಷದಿಂದಲೇ ಕೊಟ್ಟರು. ಮಾರನೆಯ ದಿನದಿಂದ ಶಾಲೆಯಲ್ಲಿ ಅವರಿಗೆ ತರಗತಿ ಕೊಡುವುದು ನಿಂತಿತು. ಸುಮ್ಮನೆ ಬಂದು ಒಂದು ಮೂಲೆಯಲ್ಲಿ ಕುಳಿತು ಹೋಗಬೇಕು. ಜೊತೆಯ ಉಪಾಧ್ಯಾಯಿನಿಯರು ಮಾತಾಡಿಸುವುದಿಲ್ಲ. ಸಂಜೆಯಾದರೆ ಇಬ್ಬರು ಅಪರಿಚಿತರು ವಠಾರದ ಬಾಗಿಲಲ್ಲಿ ಬಂದು ಕುಳಿತಿರುತ್ತಾರೆ. ಯಾಕಪ್ಪಾ ಎಂದು ನಾನು ಕೇಳಿದರೆ, ಗಾಳಿಗೆ ಕೂತಿದೀವಿ ಎನ್ನುತ್ತಾರೆ.

ಪಾರುಪತ್ತೇಗಾರರು ಎರಡನೆಯ ಸಲ ಬಂದಾಗ ನಾನೂ ಅಲ್ಲಿದ್ದೆ. ವೇದವತಿಯವರು ಪುಸ್ತಕ ತೆರೆದು ಕೊನೆಯ ಹಾಳೆ ತೋರಿಸಿದರು. ಅದು ಹಸೆಹಾಡಿನ ಪುಸ್ತಕ, ನಲವತ್ತೆಂಟನೆಯ ಪುಟಕ್ಕೆ ಮುಗಿಯುತ್ತದೆ. ನೂರಹನ್ನೆರಡನೆಯ ಪುಟ ಎಲ್ಲಿಂದ ಬರಬೇಕು ಎಂದು ಕೇಳಿದರು. ಯಾರೇ ಆದರೂ ಅಲ್ಲಿಗೆ ನಕ್ಕು ಎದ್ದುಹೋಗಬೇಕಿತ್ತು. ಆ ಮನುಷ್ಯ ನಗಲಿಲ್ಲ. “ಅದನ್ನೇ ಕಣಮ್ಮ ನಾನೂ ಕೇಳ್ತಿರೋದು,” ಎಂದರು ಮೆತ್ತಗೆ. “ಉಳಿದ ಪುಟ ಎಲ್ಲಿ ಇಟ್ಟಿದೀರಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಓಡಿ ದೊರೆಸ್ವಾಮಿಗಳ ಪುಸ್ತಕ ತಂದು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ನೂರಹನ್ನೆರಡನೆಯ ಪುಟವನ್ನು ಪೂರ್ತಿ ಓದಿದರು, ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು. “ಸಂಚಿಕೇಲಿ ಈ ಹೆಸರು ಇಲ್ವಲ್ಲ ಸ್ವಾಮಿ. ಇರೋದು ಅಮ್ಮನೋರ ಹೆಸರು. ಸತ್ತೋರು ಹೇಳಿದ್ದನ್ನ ಹಿಂದಕ್ಕೆ ತಗೊಳ್ಳಕಾಗಲ್ಲ. ಅಮ್ಮನೋರು ತಗೋಬೌದು.”

ಆಗ ನನಗೆ ಅರ್ಥವಾಯಿತು, ಮಾನ್ಯರೇ. ಇವರಿಗೆ ನಿಜ ಗೊತ್ತಿಲ್ಲವೆಂದಲ್ಲ. ಶಾಸನ ಖೋಟಾ ಎಂದವರೇ ಅದು ತಪ್ಪೆಂದು ಬರೆದುಕೊಟ್ಟರೆ ಕೋರ್ಟಿನಲ್ಲಿ ಅದಕ್ಕಿಂತ ದೊಡ್ಡ ದಾಖಲೆ ಬೇಕೇ? ದೊರೆಸ್ವಾಮಿಗಳಿಂದ ಅದನ್ನು ಬರೆಸಲು ಅವರ ಜೀವಮಾನದಲ್ಲಿ ಆಗಲಿಲ್ಲ. ಈಗ ಬೇರೊಬ್ಬ ‘ಅದೇ’ಯನ್ನು ನೀವು ಒದಗಿಸಿಕೊಟ್ಟಿದ್ದೀರಿ, ಒಂಟಿ ಹೆಂಗಸು, ಕೆಲಸವೂ ಮನೆಯೂ ಸಂಸ್ಥೆಯ ಕೈಯಲ್ಲೇ ಇರುವಾಕೆ. ಕೋರ್ಟಿನ ಮುಂದಿನ ವಾಯಿದೆಯೊಳಗೆ ತಪ್ಪೊಪ್ಪಿಗೆಗೆ ಆಕೆಯ ರುಜು ಬೇಕು, ಇಲ್ಲದಿದ್ದರೆ ಶಾಲೆಯೂ ಇಲ್ಲ, ವಠಾರವೂ ಇಲ್ಲ.

ಮಾರನೆಯ ದಿನವೇ ನಾನು ನಿಮ್ಮ ಕಚೇರಿಗೆ ಬಂದೆ. ತಿದ್ದುಪಡಿ ಕೋರುವವರು ಅದಕ್ಕೆ ಆಧಾರಗ್ರಂಥವನ್ನು ನಮೂದಿಸಬೇಕೆಂದು ಸುಂದರೇಶ ನಿಯಮ ಓದಿದರು. ದೊರೆಸ್ವಾಮಿಗಳ ಪುಸ್ತಕವನ್ನೇ ಮೇಜಿನ ಮೇಲಿಟ್ಟೆ. ಅದು ಸ್ವಂತ ಖರ್ಚಿನ ಪುಸ್ತಕ, ಆಧಾರವಾಗಿ ಕೊಡಕೂಡದು ಎಂದರು. ಪಾಪ, ಹೇಳುವಾಗ ತಲೆ ಎತ್ತಲಿಲ್ಲ. ಒಳಗಿನ ಕೋಣೆಯಲ್ಲಿ ತಾವಿದ್ದಿರಿ. ತಮ್ಮ ಕೆಮ್ಮು ನನಗೆ ಕೇಳುತ್ತಿತ್ತು.

ಮೊನ್ನೆ ಭಾನುವಾರ ವೇದವತಿಯವರು ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟರೆ ಮುಟ್ಟಲಿಲ್ಲ. ರುಜು ಹಾಕುವುದಿಲ್ಲ ಎಂದು ಇಷ್ಟು ದಿನ ಕಲ್ಲಿನಂತೆ ನಿಂತಿದ್ದವರು ಅಂದು ಯಾವುದೋ ಸಣ್ಣ ಉಪಕಾರ ಕೇಳುವವರ ಹಾಗೆ ಮಾತಾಡಿದರು. ಪಾರುಪತ್ತೇಗಾರರು ಮತ್ತೆ ಬಂದಿದ್ದರಂತೆ. ಬರೀ ತಪ್ಪೊಪ್ಪಿಗೆ ಸಾಲದು, ಒಪ್ಪಿಕೊಳ್ಳುವ ಮಾತು ಎಲ್ಲಿದೆಯೆಂದು ಕೋರ್ಟು ಕೇಳುತ್ತದೆ, ಪುಟವೂ ಬೇಕು ಎಂದರಂತೆ.

“ನಂಗೆ ಶಾಸನ ಓದಕ್ಕೆ ಬರಲ್ಲ,” ಎಂದರು ಆಕೆ. “ಆ ನೂರಹನ್ನೆರಡನೇ ಪುಟ ನೀವೇ ಬರ್ಕೊಡಿ. ಅದರ ಕೆಳಗೆ ತಪ್ಪಾಯ್ತು ಅಂತ ರುಜು ಹಾಕ್ಬಿಡ್ತೀನಿ.”

ನಾಳೆ ಬನ್ನಿ ಎಂದೆ. ಆಕೆ ಬಂದರು, ಮತ್ತೆ ನಾಳೆ ಎಂದೆ. ದಿನವೂ ಬರುತ್ತಿದ್ದಾರೆ.

ವಾಯಿದೆ ಮುಂದಿನ ಸೋಮವಾರ. ಅಷ್ಟರೊಳಗೆ ನೀವು ನಿಮ್ಮ ಮೊಹರು ಹಾಕಿ ಒಂದೇ ಸಾಲು ಬರೆದುಕೊಡಬೇಕು: ಆ ಮಾತು ವೇದವತಿಯವರದಲ್ಲ, ಟಿಪ್ಪಣಿ ತೆಗೆದದ್ದು ನಮ್ಮ ಕಚೇರಿ. ಮುಂದಿನ ಸಂಚಿಕೆ ಬೇಡ, ಸಮಿತಿಯ ಸಭೆ ಬೇಡ. ನಿಮ್ಮ ಸಾಲು ಬಾರದಿದ್ದರೆ ಭಾನುವಾರ ರಾತ್ರಿ ನಾನು ಆಕೆಯ ಹೆಸರಿನಲ್ಲಿ ಆ ಪುಟವನ್ನು ಬರೆಯುತ್ತೇನೆ. ಬರೆಯದೆ ಆಕೆಯನ್ನು ಬೀದಿಗೆ ಕಳಿಸುವ ಧೈರ್ಯ ನನಗಿಲ್ಲ.

ಇಂತಿ,
ತನ್ನ ಹೆಸರು ನಿಮ್ಮ ಸಂಚಿಕೆಯಲ್ಲಿ ಅಚ್ಚಾಯಿತೆಂದು ಬೀದಿಗೆಲ್ಲ ಸಕ್ಕರೆ ಹಂಚಿದ್ದ,
ನಂಜುಂಡಸ್ವಾಮಿ
ಚಾಮರಾಜಪುರಂ, ಮೈಸೂರು
೧೯೫೮