ಬೇಸ್‌ಮೆಂಟಿನ ಜಾಹೀರಾತು

ಮಾರ್ಚ್ ೧೨, ಗುರುವಾರ. ರಿಚ್ಮಂಡ್ ಹಿಲ್.

ವಿದ್ಯಾರ್ಥಿ ಸಂಘದ ಉಪಾಧ್ಯಕ್ಷೆಯಾಗಿ ಇಂದು ಹೊಸಬರಿಗೆ ವರ್ಣಭೇದದ ಬಗ್ಗೆ ತರಗತಿ ತೆಗೆದುಕೊಂಡೆ. ಟೋಬಿ ಎಂಬ ಕಪ್ಪು ಹುಡುಗಿ ಎದ್ದು, ಬಾಡಿಗೆ ರೂಮು ಆಗಲೇ ಕೊಟ್ಟಾಯಿತು ಎನ್ನುವವರು ಸುಳ್ಳು ಹೇಳುತ್ತಿದ್ದರೆ ತಿಳಿಯುವುದು ಹೇಗೆ ಎಂದು ಕೇಳಿದಳು. ಮರುದಿನವೂ ಜಾಹೀರಾತು ಇದ್ದರೆ ಸುಳ್ಳೇ ಎಂದೆ. ಎಲ್ಲರೂ ಬರೆದುಕೊಂಡರು.

ನಾನು ಅದನ್ನು ಪುಸ್ತಕದಿಂದ ಕಲಿತದ್ದಲ್ಲ. ಭಾನುವಾರ ನೈಜೀರಿಯಾದವರೊಬ್ಬರು ನಮ್ಮ ಮನೆಯ ಬೇಸ್‌ಮೆಂಟು ಬಾಡಿಗೆಗೆ ಕೇಳಿ ಫೋನ್ ಮಾಡಿದ್ದರು. "ನಿನ್ನ ಇಂಗ್ಲಿಷ್ ಚೊಲೊ ಅದ. ಕೊಟ್ಟೀವಿ ಅಂತ ನೀನ ಹೇಳಿಬಿಡವಾ" ಎಂದರು ಅಪ್ಪ. ಹೇಳಿದೆ. ಫೋನ್ ಮಾಡಿದವರು ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿದರು.

ಜಾಹೀರಾತು ಇನ್ನೂ ಹಾಗೇ ಇದೆ. ಹಾಕಿದವಳೂ ನಾನೇ. "ಯಾರರ ಕೇಳಿದ್ರೇನು?" ಎಂದು ಅಪ್ಪ ಊಟಕ್ಕೆ ಕೂತಾಗ ವಿಚಾರಿಸಿದರು. ಇಲ್ಲ ಎಂದೆ. ಆ ನೈಜೀರಿಯಾದವರ ನಂಬರು ನನ್ನ ಫೋನಿನಲ್ಲಿದೆ. ಮೂರು ಸಲ ತೆಗೆದು ನೋಡಿದೆ. ಕರೆ ಮಾಡಿದರೆ ಮೊದಲ ಮಾತು ಏನೆಂದು ಈ ಪುಟದಲ್ಲೇ ಬರೆದು ನೋಡುತ್ತಿದ್ದೇನೆ.